ಲಾಂದ್ರದ ಹೂವಿಗೆ ಆರನೆಯ ನೆಲೆ

ಗೋಡೆಯ ಮೇಲಿನ ಬಿಳಿ ಪರದೆಯಲ್ಲಿ ಆ ಹೂವಿನ ಚಿತ್ರ ಮೂಡಿದಾಗ ನನ್ನ ಕೈಯಲ್ಲಿದ್ದ ಪೆನ್ನು ತಾನಾಗಿಯೇ ನಿಂತುಹೋಯಿತು. ಅದನ್ನು ನಾನು ನೋಡಿದ್ದೆ. ನೋಡಿದ್ದೇನು, ಹೊಲಿದಿದ್ದೆ! ನನ್ನ ಕಾಲ ಬಳಿಯಿದ್ದ ಚೀಲದಲ್ಲಿ, ಟಿಫಿನ್ ಡಬ್ಬಿಯ ಪಕ್ಕ, ಅರ್ಧ ಕಸೂತಿಯಾದ ದಿಂಬಿನ ಚೀಲದ ಮೂಲೆಯಲ್ಲಿ ಅದೇ ಹೂವು ಕೂತಿತ್ತು.

ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ಮರುವರ್ಷದ ಮಳೆಗಾಲ. ಊರಿನ ಒಂದು ಸಭಾಂಗಣದಲ್ಲಿ ಸಸ್ಯ ಪರಿಣತರ ಸಮಿತಿ ಸೇರಿತ್ತು. ನಮ್ಮ ಸುತ್ತಲಿನ ಕಲ್ಲುಬೆಟ್ಟಗಳಲ್ಲಿ ಬೆಳೆಯುವ ಅಪರೂಪದ ಗಿಡಗಳಲ್ಲಿ ಯಾವುದಕ್ಕೆ ಎಷ್ಟು ಅಪಾಯವಿದೆ ಎಂದು ಚರ್ಚಿಸಿ, ಒಂದೊಂದನ್ನೂ ಒಂದೊಂದು ವರ್ಗಕ್ಕೆ ಸೇರಿಸುವುದು ಅವರ ಕೆಲಸ. ಗೌರಿಬಿದನೂರಿನಲ್ಲಿ ಸಂಸಾರ ಮಾಡಿಕೊಂಡಿದ್ದ ನಾನು ಅಲ್ಲಿಗೆ ಹೋಗಿದ್ದು ನನ್ನ ನಾದಿನಿಯ ದೆಸೆಯಿಂದ. ಯಜಮಾನರ ಈ ತಂಗಿ ಸಸ್ಯಶಾಸ್ತ್ರ ಓದಿಕೊಂಡು, ಚಿಂತಾಮಣಿಯಲ್ಲಿ ಒಂದು ಕೋಣೆ ಮಾಡಿಕೊಂಡು, ಮೂರು ಮಳೆಗಾಲ ಬೆಟ್ಟ ಬೆಟ್ಟ ಅಲೆದಿದ್ದಳು. ಸಭೆಯ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಕಿದ್ದವರಿಗೆ ಜ್ವರ ಬಂದಾಗ ಇವಳು ಎಲ್ಲರೆದುರು ನನ್ನನ್ನು ಹರಾಜಿಗಿಟ್ಟಳಂತೆ: “ನಮ್ಮತ್ತಿಗೆ ಇದಾರೆ. ಕಾನ್ವೆಂಟು. ಬರೆದ್ರೆ ಮುತ್ತು ಪೋಣಿಸಿದ ಹಾಗಿರುತ್ತೆ.”

“ನಂಗೆ ಗಿಡಗಳ ಹೆಸರು ಒಂದೂ ಬರಲ್ಲ ಕಣೇ” ಎಂದೆ.

“ಅದಕ್ಕೇ ನೀವು ಬೇಕು. ಹೆಸರು ಬರೋರೆಲ್ಲ ಜಗಳಕ್ಕೆ ಕೂತಿರ್ತಾರೆ.”

ನಿಜವಾಗಿಯೂ ಜಗಳವೇ. ಆದರೆ ಎಂಥ ಸೊಗಸಾದ ಜಗಳ! ಒಂದು ಗಿಡದ ಪರವಾಗಿ ಒಬ್ಬರು ಎದ್ದು ನಿಲ್ಲುತ್ತಾರೆ. ಎಲ್ಲಿ ಬೆಳೆಯುತ್ತದೆ, ಮೊದಲು ಎಲ್ಲಿತ್ತು, ಈಗ ಎಲ್ಲಿಲ್ಲ, ಯಾರು ಅಗೆಯುತ್ತಾರೆ, ಯಾವ ದನ ಮೇಯುತ್ತದೆ ಎಂದು ಹೇಳುತ್ತಾರೆ. ಉಳಿದವರು ಆ ಮಾತನ್ನು ಅಕ್ಕಿ ಆರಿಸಿದ ಹಾಗೆ ಆರಿಸುತ್ತಾರೆ. ಅವರಲ್ಲಿ ಗಡ್ಡದವರೊಬ್ಬರಿದ್ದರು. ಯಾರು ಏನೇ ಹೇಳಲಿ, ಮೇಜಿನ ಮೇಲೆ ಬೆರಳು ತಟ್ಟಿ “ಸಾಕ್ಷಿ?” ಎನ್ನುವುದೊಂದೇ ಅವರ ಮಾತು. ಕೈ ಎತ್ತಿಸಿ ಮತ ಎಣಿಸುವ ಪದ್ಧತಿ ಅಲ್ಲಿರಲಿಲ್ಲ. ಎಲ್ಲರೂ ಒಪ್ಪುವವರೆಗೆ ವಾದ. ಒಪ್ಪಿದ ಮೇಲೆ ಅಧ್ಯಕ್ಷರು, ಹಣೆಗೆ ಏರಿಸಿದ ಕನ್ನಡಕವನ್ನು ಮೂಗಿಗೆ ಇಳಿಸಿ, ವರ್ಗವನ್ನು ನಿಧಾನವಾಗಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಅವರು ನಿವೃತ್ತ ಪ್ರೊಫೆಸರು. ಕನ್ನಡಕ ಇಳಿಯಿತೆಂದರೆ ತೀರ್ಪು ಬಂತೆಂದು ಮೊದಲ ಗಂಟೆಯಲ್ಲೇ ನನಗೆ ಗೊತ್ತಾಗಿ, ಅದು ಜಾರಿದಾಗಲೆಲ್ಲ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ. ಕೆಲವು ಗಿಡಗಳಿಗೆ “ಮಾಹಿತಿ ಸಾಲದು” ಎಂಬ ತೀರ್ಪು. ಅದು ಬಂದವರ ಮುಖ, ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು “ಊರಿಗೆ ಹೋಗಿ ತಿಳಿಸ್ತೀವಿ” ಎಂದು ಎದ್ದುಹೋದ ಮನೆಯವರ ಮುಖದಂತೆ ಆಗುತ್ತಿತ್ತು.

ನಾದಿನಿಯ ಗಿಡ ಮಧ್ಯಾಹ್ನ ಬಂತು. ಅದರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಗಡ್ಡೆ ಅಗೆದು ಮಾರುವವರು ಹುಡುಕಿಕೊಂಡು ಬರುತ್ತಾರೆಂದು ಆ ಸಭೆಯಲ್ಲೇ ಕಲಿತೆ. ನಾವು ಮನೆಯಲ್ಲಿ ಲಾಂದ್ರದ ಹೂ ಎನ್ನುತ್ತೇವೆ. ಬೇಸಗೆಯೆಲ್ಲ ಮಣ್ಣೊಳಗೆ ಗಡ್ಡೆಯಾಗಿ ಮಲಗಿದ್ದು, ಮಳೆ ಬಿದ್ದ ಮೇಲೆ ದಾರದಂಥ ಬಳ್ಳಿಯಾಗಿ ಮೇಲೇಳುತ್ತದೆ.

ಅವಳಿಗೆ ಏನು ಬೇಕಿತ್ತೆಂದು ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ನಮ್ಮ ಮನೆಯಲ್ಲೇ ಉಳಿದಿದ್ದವಳು, ಬೆಳಿಗ್ಗೆ ಬಸ್ಸಿನಲ್ಲಿ ಮಂಚೇನಹಳ್ಳಿ ದಾಟುವವರೆಗೂ ಅದನ್ನೇ ಹೇಳಿದ್ದಳು. ಹರಡಿರುವ ಜಾಗ ಚಿಕ್ಕದಾಗಿದ್ದು, ಗಿಡ ಕಡಿಮೆಯಾಗುತ್ತಲೂ ಇದ್ದು, ಅದರ ನೆಲೆಗಳು ಐದು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ‘ಎಂಡೇಂಜರ್ಡ್’, ಅಂದರೆ ಅಳಿವಿನ ದಾರಿ ಹಿಡಿದದ್ದು. ಆರರಿಂದ ಹತ್ತಾದರೆ ಒಂದು ಮೆಟ್ಟಿಲು ಕೆಳಗೆ, ‘ವಲ್ನರಬಲ್’. ಅದೂ ಅಪಾಯವೇ, ಆದರೆ ಅಷ್ಟಿಲ್ಲ. ಇವಳಿಗೆ ಮೂರು ವರ್ಷದಲ್ಲಿ ಸಿಕ್ಕಿದ್ದು ಸರಿಯಾಗಿ ಐದು ನೆಲೆ. ಅವುಗಳಲ್ಲಿ ಗಿಡ ಅತಿ ಹೆಚ್ಚಿದ್ದ ಬೆಟ್ಟಕ್ಕೆ ಕಲ್ಲುಗಣಿಯವರ ಯಂತ್ರ ಬಂದು ನಿಂತಿತ್ತು.

“ಎಂಡೇಂಜರ್ಡ್ ಅಂತ ಒಂದು ಕಾಗದ ಕೈಲಿದ್ರೆ ಗಣಿ ಇಲಾಖೆ ಆಫೀಸಲ್ಲಿ ಕುರ್ಚಿ ಕೊಟ್ಟು ಮಾತಾಡಿಸ್ತಾರೆ ಅತ್ತಿಗೆ” ಎಂದಿದ್ದಳು. “ಅದಿಲ್ದಿದ್ರೆ ಬಾಗಿಲಲ್ಲೇ, ‘ಸಾಹೇಬ್ರಿಲ್ಲಮ್ಮ, ನಾಳೆ ಬಾ.’ ನಾಳೆ ಹೊತ್ತಿಗೆ ಬೆಟ್ಟ ಜಲ್ಲಿಯಾಗಿರುತ್ತೆ.”

ಹಾಗೆ ಆ ಒಂದು ಪದದ ಮೇಲೆ ಒಂದು ಬೆಟ್ಟ ಕೂತಿತ್ತು. ಈಗ ಪರದೆಯ ಮೇಲೆ ಅವಳ ಹೂವಿನ ಚಿತ್ರ ಬಂತು. ನನ್ನ ಪೆನ್ನು ನಿಂತಿತು.

ಅದರ ಹಿಂದಿನ ವಾರ ನೆಂಟರೊಬ್ಬರು ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದ್ದರು. ಪೂಜೆ ಮುಗಿಸಿ, ನಾನೂ ಅತ್ತೆಯೂ ಜನಜಂಗುಳಿ ಬೇಡವೆಂದು ಊರಾಚೆಯ ಬಂಡೆಯ ಇಳಿಜಾರಿನಲ್ಲಿ ಕೂತು ಚಿತ್ರಾನ್ನ ತಿಂದಿದ್ದೆವು. ಪಕ್ಕದ ಕಳ್ಳಿಪೊದೆಯೊಳಗೆ ಒಂದು ಬಳ್ಳಿ. ಅದರಲ್ಲಿ ಬೆರಳ ಗೆಣ್ಣಿನಷ್ಟುದ್ದದ ಹೂವು. ಬುಡ ಗುಂಡಗೆ ಉಬ್ಬಿ, ಮೇಲೆ ಕೊಳವೆಯಾಗಿ, ತುದಿಯಲ್ಲಿ ಬದನೆಸಿಪ್ಪೆ ಬಣ್ಣದ ಐದು ಎಳೆಗಳು ಬಾಗಿ ಒಂದನ್ನೊಂದು ಮುಟ್ಟಿ ಪುಟ್ಟ ಪಂಜರ ಕಟ್ಟಿದ್ದವು. ಶಾಲೆಯಲ್ಲಿ ಹೊಲಿಗೆ ಕಲಿಸಿದ ಸಿಸ್ಟರು, ಸೂಜಿಗೆ ದಾರ ಪೋಣಿಸುವ ಮೊದಲು ಎಸಳು ಎಣಿಸಿ ಎಂದು ಬೆರಳ ಗಂಟಿನ ಮೇಲೆ ಸ್ಕೇಲಿನಿಂದ ತಟ್ಟಿ ಕಲಿಸಿದ್ದರು. ಎಣಿಸಿದ್ದೆ. ಮನೆಗೆ ಬಂದು ನೆನಪಿನಿಂದಲೇ ಹೊಲಿಯಲು ಕೂತಿದ್ದೆ. ನಾದಿನಿ ಮೊದಲು ನನಗೆ ತೋರಿಸಿದ್ದೆಲ್ಲ ಕಾಗದಕ್ಕೆ ಅಂಟಿಸಿದ ಒಣ ಮಾದರಿಗಳು. ಕಂದುಬಣ್ಣಕ್ಕೆ ತಿರುಗಿ ಚಪ್ಪಟೆಯಾದ ಆ ಚೂರಿಗೂ ಈ ಲಾಂದ್ರಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆದಿರಲೇ ಇಲ್ಲ.

ಚರ್ಚೆ ಶುರುವಾಗುವ ಮೊದಲೇ ಟೀ ಬಂತು, ಸದ್ಯ. ಮಸಾಲೆ ವಡೆಯ ತಟ್ಟೆ ಹಿಡಿದಿದ್ದ ನಾದಿನಿಯನ್ನು ಕಿಟಕಿಯ ಬಳಿ ಎಳೆದುಕೊಂಡು ಹೋದೆ.

“ನಿನ್ನ ಗಿಡ ನೋಡಿದೀನಿ ಕಣೇ ನಾನು.”

“ಎಲ್ಲರೂ ನೋಡಿದ್ರಲ್ಲ ಈಗ, ಅಷ್ಟು ದೊಡ್ಡದಾಗಿ.”

“ಪರದೆ ಮೇಲಲ್ಲ. ವಿದುರಾಶ್ವತ್ಥದ ಹತ್ರ. ಹೋದ ವಾರ.”

ಅವಳು ವಡೆ ಕಚ್ಚುವುದನ್ನು ನಿಲ್ಲಿಸಿದಳು. ನಾನು ಚೀಲದಿಂದ ದಿಂಬಿನ ಬಟ್ಟೆ ತೆಗೆದು ಬಿಡಿಸಿದೆ. ಅವಳ ಕಣ್ಣು ಹೊಲಿದ ಹೂವಿನ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಓಡಿತು. ತುಟಿ ಅಲುಗಿತು: “ಐದು... ಆರು.” ಮುಖ ಬಾಡಿತು. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಇನ್ನೇನು ಕೈಗೆ ಬರಲಿದ್ದ ಪದವನ್ನು ನಾನೇ ಕಿತ್ತುಕೊಂಡಂತೆ.

ಆಮೇಲೆ ನನ್ನ ತೋಳನ್ನು ಅವಳು ಹಿಡಿದ ಹಿಡಿತ ನೋಡಬೇಕಿತ್ತು! “ಎಲ್ಲಿ? ಎಷ್ಟಿತ್ತು? ಒಂದೇ ಬಳ್ಳಿನಾ? ಅಯ್ಯೋ ಅತ್ತಿಗೆ, ಕೈವಾರದ ಕಡೆ, ನಂದಿ ಕಡೆ ಒಂದು ಬಂಡೆ ಬಿಡಲಿಲ್ಲ ನಾನು. ಹುಟ್ಟಿದೂರಲ್ಲಿ ಏನಿರುತ್ತೆ, ಬರೀ ಕಳ್ಳಿ ಅಂತ ಬಿಟ್ಬಿಟ್ಟೆ!”

“ಹೇಳಿದ್ರೆ ನಿನ್ನ ಬೆಟ್ಟಕ್ಕೆ...”

“ಹೇಳದೆ ಇರಕ್ಕಾಗುತ್ತಾ? ಹೂವು ಇದೆಯಲ್ಲಾ ಅಲ್ಲಿ!” ಎಂದವಳೇ ದಿಂಬಿನ ಬಟ್ಟೆ ಕಿತ್ತುಕೊಂಡು ಒಳಗೆ ಓಡಿದಳು.

ಆ ಬಳಿಕ ನಡೆದದ್ದನ್ನು ಇಂದಿಗೂ ನೆನೆದು ನಗುತ್ತೇನೆ. ಅಷ್ಟೂ ಪರಿಣತರ ಕೈಯಿಂದ ಕೈಗೆ ನನ್ನ ದಿಂಬಿನ ಚೀಲ ಹೋಯಿತು. ಒಬ್ಬರು ಭೂತಗನ್ನಡಿ ಹಿಡಿದು ನೋಡಿದರು. ಗಡ್ಡದವರು ನನ್ನತ್ತ ತಿರುಗಿದರು.

“ಅಮ್ಮಾ, ಬುಡ ಉಬ್ಬಿತ್ತೋ, ಇದು ಹೊಲಿಗೆಯ ಉಬ್ಬೋ?”

“ಉಬ್ಬಿತ್ತು ಸಾರ್. ಅದಕ್ಕೇ ಅಲ್ಲಿ ಕೆಳಗೆ ಹತ್ತಿ ಇಟ್ಟು ಸ್ಯಾಟಿನ್ ಸ್ಟಿಚ್ ಹಾಕಿದೀನಿ.”

“ಎಳೆಗಳು ತುದಿಯಲ್ಲಿ ಕೂಡಿದ್ವಾ, ಬಿಟ್ಟಿದ್ವಾ?”

“ಕೂಡಿದ್ವು. ಬಿಟ್ಟಿದ್ರೆ ತುದಿಗೆ ಫ್ರೆಂಚ್ ನಾಟ್ ಗಂಟು ಒಂದೇ ಸಾಲ್ತಿರಲಿಲ್ಲ, ಐದು ಹಾಕಬೇಕಿತ್ತು.”

ಸಭೆ ಗೊಳ್ಳೆಂದಿತು. ಗಡ್ಡದವರು ಮಾತ್ರ ನಗದೆ ತಲೆಯಾಡಿಸಿ, ಮೇಜಿನ ಮೇಲೆ ಬೆರಳು ತಟ್ಟಿದರು. “ಚೆನ್ನಾಗಿದೆ. ಆದರೆ ದಾರ ಸಾಕ್ಷಿಯಲ್ಲ.”

ಅಧ್ಯಕ್ಷರು ಬಟ್ಟೆಯನ್ನು ನೀಟಾಗಿ ಮಡಿಸಿ ನನಗೆ ಕೊಟ್ಟರು. “ನಾಳೆ ಊಟದ ಹೊತ್ತಿಗೆ ಸಭೆ ಮುಗಿಯುತ್ತೆ ತಾಯಿ. ಅಷ್ಟರೊಳಗೆ ಫೋಟೋ ಬಂದ್ರೆ ಆರು. ಇಲ್ದಿದ್ರೆ ಐದು ಅಂತಲೇ ಬರೀತೀವಿ. ಕಂಡದ್ದನ್ನ ಕೇಳಿಕೊಂಡು ವರ್ಗ ಕೊಡೋ ಹಾಗಿಲ್ಲ.” ಮತ್ತೆ ನಾದಿನಿಯತ್ತ ತಿರುಗಿ, “ಹೋಗಲೇಬೇಕು ಅಂತ ಏನಿಲ್ಲಮ್ಮ. ನಿನ್ನ ಐದು ನೆಲೆಗೆ ಪಕ್ಕಾ ದಾಖಲೆ ಇದೆ” ಎಂದರು.

ಅಂದರೆ ಸುಮ್ಮನೆ ಮನೆಯಲ್ಲಿ ಕೂತರೂ ಅವಳಿಗೆ ಬೇಕಾದ ಪದ ಅವಳಿಗೆ ಸಿಗುತ್ತಿತ್ತು. ಅದನ್ನು ಕಳೆದುಕೊಳ್ಳಬೇಕೆಂದರೆ ಬೆಳಗಾಗೆದ್ದು ಓಡಬೇಕು! ಬಸ್ಸಿನಲ್ಲಿ ಅವಳು ಕ್ಯಾಮೆರಾದ ಸೆಲ್ಲು ತೆಗೆದು ಉಜ್ಜಿ ಉಜ್ಜಿ ಹಾಕುತ್ತಿದ್ದುದನ್ನು ನೋಡಿದಾಗಲೇ ನನಗೆ ಉತ್ತರ ಸಿಕ್ಕಿತು.

ಮನೆಯಲ್ಲಿ ಅತ್ತೆಗೆ ವಿಷಯ ತಿಳಿಸಿದೆವು. ಅವರ ತವರು ಹಿಂದೂಪುರದ ಕಡೆ. ಸಂತೋಷವಾದರೂ ಸಿಟ್ಟು ಬಂದರೂ ಅವರ ಬಾಯಲ್ಲಿ ತೆಲುಗು ಬೆರೆಯುತ್ತದೆ.

“ಏಮಿಟೇ ಇದು? ಕಡಿಮೆ ಮಾರ್ಕ್ಸ್ ಬರಲಿ ಅಂತ ಬೆಳಿಗ್ಗೆ ಎದ್ದು ಓಡೋರನ್ನ ನಿಮ್ಮನ್ನೇ ನೋಡಿದ್ದು.”

“ಕಡಿಮೆ ಬಂದ್ರೇ ಗಿಡಕ್ಕೆ ಒಳ್ಳೇದಮ್ಮ” ಎಂದಳು ನಾದಿನಿ.

“ಮತ್ತೆ ಜಾಸ್ತಿ ಬರಲಿ ಅಂತ ಮೂರು ವರ್ಷದಿಂದ ಕುಣೀತಿದ್ಯಲ್ಲೇ?”

ಮಗಳು ಕ್ಯಾಮೆರಾವನ್ನು ಚೀಲಕ್ಕೆ ತುಂಬತೊಡಗಿದಳು. ಅತ್ತೆ ಗೆದ್ದ ಖುಷಿಯಲ್ಲಿ, “ನಾನೂ ಬರ್ತೀನಿ. ಊಟಕ್ಕೆ ಕೂತಿದ್ದ ಬಂಡೆ ಇವಳಿಗೆ ಮರೆತಿರುತ್ತೆ, ನಂಗೆ ನೆನಪೈತೆ” ಎಂದು ಶಾಲು ತೆಗೆದಿಟ್ಟರು.

ಬೆಳಕು ಹರಿಯುತ್ತಿದ್ದಂತೆ ಗುರುತಿನ ಆಟೋದವರನ್ನು ಕರೆಸಿ ಹೊರಟೆವು. ವಿದುರಾಶ್ವತ್ಥದಿಂದ ಯಾವ ದಿಕ್ಕಿಗೆ ಹೋದೆವೆಂದು ಮಾತ್ರ ಕೇಳಬೇಡಿ. ರಾತ್ರಿ ಸೋನೆ ಬಿದ್ದು ಬಂಡೆಗಳು ಆನೆಯ ಮೈಯಂತೆ ಕಪ್ಪಾಗಿ ಹೊಳೆಯುತ್ತಿದ್ದವು. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ, ನಾವು ಹಿಂದೆ. ಅವರು ತೋರಿಸಿದ ಬಂಡೆ ಸರಿಯಾದದ್ದೇ. ಚಿತ್ರಾನ್ನದಿಂದ ಆರಿಸಿ ಎಸೆದಿದ್ದ ಒಣಮೆಣಸಿನಕಾಯಿ ಇನ್ನೂ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು. ಆದರೆ ಕಳ್ಳಿಪೊದೆಯ ಆ ಕಡೆಯ ಕೊಂಬೆಯನ್ನು ಮೇಕೆಗಳಿಗೆ ದಾರಿ ಮಾಡಲು ಯಾರೋ ಕಡಿದಿದ್ದರು. ಬಳ್ಳಿಯಿದ್ದ ಜಾಗದಲ್ಲಿ ಬರೀ ಎಲೆ ಬಾಡಿದ ದಾರ.

ನನಗೆ ಅಳು ಬಂತು. ನಾದಿನಿ ಮಂಡಿಯೂರಿ ಆ ದಾರವನ್ನು ಮೂಸಿ ನೋಡಿದಳು. “ಎಲೆ ಅದೇ ಥರ. ಹೂವಿಲ್ದೆ ಗಡ್ಡದವರು ಒಪ್ಪಲ್ಲ.”

“ಆ ಗಡ್ಡದೋನಿಗೆ ಒಂದು ಏಟು ಹಾಕಿ ಒಪ್ಪಿಸಬಾರ್ದಾ” ಎಂದರು ಅತ್ತೆ.

ಹುಡುಕುತ್ತ ಹುಡುಕುತ್ತ ಮೇಲೆ ಹತ್ತಿದೆವು. ನಾದಿನಿ ನೆಲ ನೋಡುತ್ತ ಅಡ್ಡಡ್ಡ ನಡೆಯುತ್ತಿದ್ದಳು. ಅವಳಿಗೆ ಅದು ಅಭ್ಯಾಸ. ನನಗೆ ಅಂಥ ಅಭ್ಯಾಸವಿಲ್ಲದೆ ಸುಮ್ಮನೆ ಒಂದು ಕಡೆ ನಿಂತೆ. ಒಂದು ಸಣ್ಣ ನೊಣ ನನ್ನ ಮೂಗಿನ ಮುಂದೆ ಹಾರಿ, ಎರಡು ಬಂಡೆಗಳ ನಡುವಿನ ಹುಲ್ಲಿನೊಳಗೆ ಇಳಿಯಿತು. ಅದರ ಹಿಂದೆ ಇನ್ನೊಂದು. ಬಗ್ಗಿ ಹುಲ್ಲನ್ನು ಸರಿಸಿದೆ.

ಲಾಂದ್ರಗಳು! ಒಂದಲ್ಲ, ಬಂಡೆಯ ಬಿರುಕಿನುದ್ದಕ್ಕೂ ದೀಪಾವಳಿಗೆ ಸಾಲಾಗಿ ಕಟ್ಟಿದಂತೆ ಲಾಂದ್ರಗಳು. ಕೈ ಬೀಸಿದೆ. ನಾದಿನಿ ಬಂಡೆಯಿಂದ ಬಂಡೆಗೆ ಹಾರಿ ಬಂದು ನೋಡಿದವಳು, ಇಷ್ಟು ದೊಡ್ಡ ಹುಡುಗಿ, ತಾಯಿಯ ಎದುರೇ ಶಿಳ್ಳೆ ಹೊಡೆದಳು!

“ಮರಿಗಳು ನೋಡಿ ಅತ್ತಿಗೆ, ಮರಿಗಳು! ನನ್ನ ಐದು ಕಡೆಯಲ್ಲೂ ಬರೀ ಮುದಿ ಬಳ್ಳಿಗಳು. ಇಲ್ಲಿ ಬೀಜ ಬಿದ್ದು ಹುಟ್ಟಿದಾವೆ!”

ಚಿತ್ರ ತೆಗೆಯುತ್ತ ಅವಳು ನೊಣದ ಕಥೆ ಹೇಳಿದಳು. ಕೊಳವೆಯೊಳಗೆ ಕೆಳಮುಖವಾಗಿ ಸಣ್ಣ ಕೂದಲುಗಳಿವೆ. ಒಳಗೆ ಜಾರಿದ ನೊಣ ಮೇಲೆ ಬರಲಾಗದೆ ಅಲ್ಲೇ ಉಳಿಯುತ್ತದೆ. ಆಮೇಲೆ ಕೂದಲು ತಾನಾಗಿ ಬಾಡಿ ದಾರಿ ಬಿಡುತ್ತದೆ. ನೊಣ ಪರಾಗ ಹೊತ್ತು ಇನ್ನೊಂದು ಹೂವಿಗೆ ಹೋಗುತ್ತದೆ. ಅತ್ತೆ ಸೊಂಟಕ್ಕೆ ಕೈಯಿಟ್ಟು ಎಲ್ಲ ಕೇಳಿ, “ಮತ್ತೆ ಅಲ್ಲೇ ಹೋಗುತ್ತಾ? ಬುದ್ಧಿ ಇಲ್ದಿರೋ ನೊಣ. ನಿಮ್ಮಪ್ಪನ ಥರ” ಎಂದರು.

ಗೌರಿಬಿದನೂರಿಗೆ ಬಂದಾಗ ಬಸ್ಸು ಹೊರಟು ನಿಂತಿತ್ತು. ಆಟೋದವರು ಅದರ ಮುಂದಕ್ಕೇ ಅಡ್ಡ ನಿಲ್ಲಿಸಿ, “ಹತ್ತಿ ಅಕ್ಕಾ ಬೇಗ, ಡ್ರೈವರ್ ಬೈಗುಳ ನಂಗಿರಲಿ” ಎಂದರು. ಅತ್ತೆ ಅದೇ ಆಟೋದಲ್ಲಿ ಮನೆಗೆ ಹೋದರು. ನಾವು ಕೆಸರು ಮೆತ್ತಿದ ಸೀರೆ, ಚೂಡಿದಾರದಲ್ಲೇ ಹತ್ತಿದೆವು.

ಸಭಾಂಗಣದಲ್ಲಿ ಕೊನೆಯ ಗಿಡಗಳ ಚರ್ಚೆ ನಡೆಯುತ್ತಿತ್ತು. ಬೆಳಗಿನಿಂದ ನನ್ನ ಬದಲಿಗೆ ಬರೆಯುತ್ತಿದ್ದವರು ಪುಸ್ತಕವನ್ನು ನನಗೆ ಒಪ್ಪಿಸಿದರು. ಒಳಗಿನಿಂದ ಬೇಳೆಸಾರಿನ ವಾಸನೆ ಆಗಲೇ ಬರುತ್ತಿತ್ತು. ನಾದಿನಿ ಕ್ಯಾಮೆರಾದಿಂದ ಚಿತ್ರಗಳನ್ನು ಪರದೆಗೆ ಹಾಕಿದಳು. ಗಡ್ಡದವರು ಎದ್ದು ಪರದೆಯ ಹತ್ತಿರವೇ ಹೋಗಿ, ಬುಡ, ಕೊಳವೆ, ಪಂಜರ ಎಲ್ಲ ನೋಡಿದರು. ಬೆರಳು ಎಲ್ಲಿಯೂ ತಟ್ಟಲಿಲ್ಲ.

“ಅದೇ ಗಿಡ” ಎಂದರು.

ಆಗ ಸಮಿತಿಯಲ್ಲೇ ಒಬ್ಬರು, ನಾದಿನಿಯ ಮೇಲೆ ಕನಿಕರವಿದ್ದವರು, ಒಂದು ಮಾತು ತೆಗೆದರು. ಅವರ ನಿಯಮದಲ್ಲಿ ನೆಲೆಯೆಂದರೆ ಬರೀ ಗಿಡ ಸಿಕ್ಕ ಜಾಗವಲ್ಲ. ಒಂದೇ ಅಪಾಯ ಒಮ್ಮೆಗೇ ಬಂದು ಅಳಿಸಿಬಿಡಬಹುದಾದ ಗಿಡಗಳೆಲ್ಲ ಸೇರಿ ಒಂದು ನೆಲೆ. “ಕಲ್ಲುಗಣಿ ಈ ಹೊಸ ಬಂಡೆಗೂ ಬರೋ ಹಾಗಿದ್ರೆ, ಅದನ್ನೂ ಗಣಿಯ ಬೆಟ್ಟವನ್ನೂ ಒಂದೇ ನೆಲೆ ಅಂತ ಹಿಡೀಬಹುದು. ಆಗ ಐದೇ ಆಗುತ್ತೆ, ಎಂಡೇಂಜರ್ಡ್ ಉಳಿಯುತ್ತೆ. ಬರೋ ಸಾಧ್ಯತೆ ಇದೆಯೇನಮ್ಮಾ?”

ಎಲ್ಲರ ಕಣ್ಣೂ ನಾದಿನಿಯ ಮೇಲೆ. ‘ಇದೆ ಅನ್ನು, ಇದೆ ಅನ್ನು’ ಎಂದು ಮನಸ್ಸು ಕೂಗಿತು. ಕೂಗಿದ ಮರುಕ್ಷಣವೇ ಬೆಳಗಿನ ಲಾಂದ್ರಗಳ ಸಾಲು ಕಣ್ಣ ಮುಂದೆ ಬಂದು, ಅದರ ಮೇಲೆ ಯಂತ್ರ ಹತ್ತಲಿ ಎಂದಂತಾಯಿತಲ್ಲಾ ಎಂದು ಮೈ ಜುಮ್ಮೆಂದಿತು. ನಾದಿನಿಯೂ ಅದನ್ನೇ ಯೋಚಿಸಿದಳೋ ಏನೋ, ನನ್ನತ್ತ ಒಮ್ಮೆ ನೋಡಿ ನಕ್ಕಳು.

“ಇಲ್ಲ ಸಾರ್. ಬೆಟ್ಟ ಬೇರೆ, ತಾಲ್ಲೂಕು ಬೇರೆ, ಅಲ್ಲಿ ಗಣಿ ಇಲ್ಲ. ಬರೋದೂ ಬೇಡ. ಅಲ್ಲಿ ಮೇಕೆಗಳಿವೆ ಅಷ್ಟೇ. ಅದು ಆರನೇದೇ.”

ಅಧ್ಯಕ್ಷರ ಕನ್ನಡಕ ಮೂಗಿಗೆ ಇಳಿಯಿತು. “ವಲ್ನರಬಲ್” ಎಂದರು.

ನಾನು ಬರೆದೆ. ಅಕ್ಷರ ಮುತ್ತಿನ ಹಾಗೆ ಬರಲಿಲ್ಲ. ಸಾಂತ್ವನ ಹೇಳಬೇಕೋ ಅಭಿನಂದಿಸಬೇಕೋ ಯಾರಿಗೂ ತಿಳಿಯಲಿಲ್ಲ. ಕಡೆಗೆ ಗಡ್ಡದವರೇ ಬಾಯಿಬಿಟ್ಟರು.

“ಆ ಗಣಿ ಬೆಟ್ಟದ ವಿಷಯ, ವರ್ಗ ಏನೇ ಇರಲಿ, ಬೇರೆ ಟಿಪ್ಪಣಿ ಬರೆದು ಹಾಕೋಣ. ಆಫೀಸಿಗೆ ನಾನೂ ಬರ್ತೀನಿ. ನನಗೆ ಕುರ್ಚಿ ಕೊಡದಿದ್ರೆ ನಿಂತೇ ಸಾಕ್ಷಿ ಕೇಳ್ತೀನಿ.”

ಟಿಪ್ಪಣಿಯನ್ನು ಊಟಕ್ಕೆ ಮೊದಲೇ ಬರೆಸಿದರು. ಅದರಿಂದ ಏನಾಗುತ್ತದೆಂದು ಅವತ್ತು ನಮಗಾರಿಗೂ ಗೊತ್ತಿರಲಿಲ್ಲ. ಬೆಟ್ಟ ಇನ್ನೂ ನಿಂತಿತ್ತು, ಯಂತ್ರವೂ ನಿಂತಿತ್ತು. ನಾದಿನಿ ಮಾತ್ರ ಎರಡು ಸಲ ಹೋಳಿಗೆ ಹಾಕಿಸಿಕೊಂಡು, ತಿನ್ನುತ್ತಲೇ ಲೆಕ್ಕ ಹಾಕುತ್ತಿದ್ದಳು.

“ಅತ್ತಿಗೆ, ನಮ್ಮೂರಲ್ಲೇ ಇತ್ತು ಅಂದ್ರೆ ಇನ್ನೂ ಎಲ್ಲೆಲ್ಲಿ ಬಿಟ್ಟಿದೀನೋ! ಶಿಡ್ಲಘಟ್ಟದ ಕಡೆ ಒಂದು ಗುಡ್ಡ ಇದೆ, ಬಸ್ಸಲ್ಲಿ ಹೋಗ್ತಾ ನೋಡಿದೀನಿ, ಇಳಿದೇ ಇಲ್ಲ. ಅಲ್ಲಿ ಏಳನೇದು ಸಿಕ್ಕಿದ್ರೆ? ಹತ್ತು ದಾಟಿಸಿಬಿಟ್ರೆ ವಲ್ನರಬಲ್ಲೂ ಇಲ್ಲ, ಏನೂ ಇಲ್ಲ. ಪಟ್ಟಿಯಿಂದಾನೇ ಆಚೆ! ನನ್ನ ಗಿಡಾನ ನಾನೇ ಆಚೆ ಹಾಕಿಸ್ತೀನಿ ನೋಡ್ತಿರಿ.”

“ಮನೇಲಿ ಅತ್ತೆ ಕಾಯ್ತಿರ್ತಾರೆ ಕಣೇ.”

“ಫೋನ್ ಮಾಡಿ ಹೇಳಣ.”

ಬಸ್ ನಿಲ್ದಾಣದಲ್ಲಿ ಗೌರಿಬಿದನೂರಿನ ಬಸ್ಸಿನ ಕಂಡಕ್ಟರು ಬಾಗಿಲಿನಲ್ಲಿ ನಿಂತು ಕೂಗುತ್ತಿದ್ದರು. ಅದರ ಪಕ್ಕದಲ್ಲೇ ಶಿಡ್ಲಘಟ್ಟದ ಬಸ್ಸು, ರೇಷ್ಮೆಗೂಡಿನ ಖಾಲಿ ಬುಟ್ಟಿಗಳನ್ನು ಮೇಲೆ ಹೊತ್ತುಕೊಂಡು ನಿಂತಿತ್ತು. ಮೋಡ ಸರಿದು ಬಿಸಿಲು ಬಿದ್ದಿತ್ತು, ಸಂಜೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಶಿಡ್ಲಘಟ್ಟದ ಬಸ್ಸನ್ನು ನಾನೇ ಮೊದಲು ಹತ್ತಿ ಅವಳಿಗೆ ಕಿಟಕಿಯ ಪಕ್ಕ ಜಾಗ ಹಿಡಿದೆ.